ಚೊಚ್ಚಲ ಬಸಿರು, ಕಡಿಮೆ ಡೋಸ್ ಆಸ್ಪಿರಿನ್: ರಕ್ತನಾಳದಲ್ಲಿ ನಡೆಯೋದೇನು?

ಪ್ರಶ್ನೆ: ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ತಾಯಿ-ಮಗುವಿಗೆ ಅಪಾಯ ತರುವ ತೊಂದರೆ) ತಡೆಯೋಕೆ ಆಸ್ಪಿರಿನ್ ಕೊಡ್ತಾರಲ್ಲ, ಮೊದಲ ಬಸಿರು ಅಂದಮಾತ್ರಕ್ಕೆ ಎಲ್ಲರಿಗೂ ಅದು ಬೇಕಾ? 12ನೇ ವಾರಕ್ಕೇ ಶುರು ಮಾಡೋದು ಯಾಕೆ? ಅಷ್ಟು ಸಣ್ಣ ಗುಳಿಗೆ ರಕ್ತನಾಳಕ್ಕೆ ಏನು ಮಾಡೀತು?

ಉತ್ತರ 1: ಕೊನೇ ಪ್ರಶ್ನೆ ಮೊದಲು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬಿಡುವ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ನಾಳವನ್ನು ಬಿಗಿಸುತ್ತದೆ, ನಾಳದ ಒಳಪದರ ಬಿಡುವ ಪ್ರೊಸ್ಟಾಸೈಕ್ಲಿನ್ ಎಂಬುದು ಸಡಿಲಿಸುತ್ತದೆ. ಎರಡನ್ನೂ ತಯಾರಿಸುವ ಕಿಣ್ವಕ್ಕೆ ಆಸ್ಪಿರಿನ್ ಬೀಗ ಹಾಕುತ್ತದೆ. ಆದರೆ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಹೊಸ ಕಿಣ್ವ ಮಾಡಲಾರದು. ಅದು ಬದುಕಿರುವ 7–10 ದಿನವೂ ಬೀಗ ಬಿದ್ದದ್ದೇ. ಒಳಪದರದ ಕೋಶಗಳು ಬೇಗ ಹೊಸದು ಮಾಡಿಕೊಳ್ಳುತ್ತವೆ. ಹಾಗಾಗಿ ತಕ್ಕಡಿ ಸಡಿಲಿಸುವ ಕಡೆಗೆ ವಾಲುತ್ತದೆ. ಡೋಸ್ ಹೆಚ್ಚಾದರೆ ಈ ಲಾಭವೇ ಕರಗುತ್ತದೆ.

ಉತ್ತರ 2: ಮಾಸಿಗೆ (ಪ್ಲಾಸೆಂಟಾ) ರಕ್ತ ಒಯ್ಯುವ ಗರ್ಭಕೋಶದ ಸುರುಳಿ ಅಪಧಮನಿಗಳು ಅಗಲವಾಗುವ ಕೆಲಸ ಬಹುಪಾಲು 20 ವಾರದೊಳಗೇ ಮುಗಿಯುತ್ತದೆ. ಅದಕ್ಕೇ 12ರಿಂದ 16ನೇ ವಾರದೊಳಗೆ ಶುರು. ರೂಢಿಯ ಡೋಸ್ ದಿನಕ್ಕೆ 75–150 ಮಿ.ಗ್ರಾಂ. 2017ರ ಆಸ್ಪ್ರೆ ಅಧ್ಯಯನದಲ್ಲಿ ರಾತ್ರಿ ಹೊತ್ತು 150 ಮಿ.ಗ್ರಾಂ, 36 ವಾರದವರೆಗೆ ಕೊಟ್ಟಿದ್ದರು. ಅವಧಿಗೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವ ಪ್ರಿಎಕ್ಲಾಂಪ್ಸಿಯಾ ಗಣನೀಯವಾಗಿ ಇಳಿಯಿತು. ಮೊದಲ ಬಸಿರು ಮಧ್ಯಮ ಅಪಾಯ ಅಷ್ಟೇ. ಜೊತೆಗೆ ಬೊಜ್ಜೋ, ತಾಯಿಗೋ ಅಕ್ಕತಂಗಿಗೋ ಪ್ರಿಎಕ್ಲಾಂಪ್ಸಿಯಾ ಇದ್ದದ್ದೋ ಸೇರಿದರೆ ವೈದ್ಯರು ಕೊಡುತ್ತಾರೆ. ಮೊದಲೇ ಬಿಪಿ, ಮಧುಮೇಹ, ಕಿಡ್ನಿ ತೊಂದರೆ ಇದ್ದರೆ ಅದೊಂದೇ ಸಾಕು.

ಉತ್ತರ 3: ಒಂದು ಮಾತು: ಇದು ಬಿಪಿ ಇಳಿಸುವ ಮಾತ್ರೆಯಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ನೋವಿನ ಮಾತ್ರೆ ಐಬುಪ್ರೊಫೆನ್ ಅದೇ ಕಿಣ್ವದ ಜಾಗ ಹಿಡಿದು ಆಸ್ಪಿರಿನ್‌ಗೆ ಅಡ್ಡ ಬರುತ್ತದೆ. ಹೊಟ್ಟೆಹುಣ್ಣು, ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ಕಾಯಿಲೆ ಇದ್ದರೆ ಮೊದಲೇ ಹೇಳಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಮಾತ್ರೆ ನಡೀತಿದೆಯಲ್ಲ ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ.