ಅಮ್ಮನಿಗೆ ವಸ್ತು ಹುಡುಕುವ ಗೇಮ್ ಯಾವುದು ಕೊಡಲಿ? ಆಡಿದವರು ಹೇಳಿ

ಪ್ರಶ್ನೆ

ಅಮ್ಮನಿಗೆ 66 ವರ್ಷ, ರಿಟೈರ್ಡ್ ಪ್ರೈಮರಿ ಟೀಚರ್. ಮಂಡಿ ಆಪರೇಷನ್ ಆಗಿ ಮೂರು ವಾರ ಆಯ್ತು, ಇನ್ನೂ ಒಂದು ತಿಂಗಳು ಜಾಸ್ತಿ ಓಡಾಡೋ ಹಾಗಿಲ್ಲ. ಪೇಪರಿನ ಪದಬಂಧ, ‘ವ್ಯತ್ಯಾಸ ಗುರುತಿಸಿ’ ಒಂದು ದಿನವೂ ಬಿಟ್ಟವರಲ್ಲ. ಮೊನ್ನೆ ತಂಗಿ ಮಗಳು ಹಿಡನ್ ಆಬ್ಜೆಕ್ಟ್ ಗೇಮ್ (ಚಿತ್ರದಲ್ಲಿ ಬಚ್ಚಿಟ್ಟ ವಸ್ತು ಹುಡುಕೋ ಆಟ) ಆಡ್ತಿದ್ದಾಗ ಪಕ್ಕದಲ್ಲಿ ಕೂತು ನೋಡಿ ತುಂಬಾ ಇಷ್ಟಪಟ್ಟರು. ಮನೆಯಲ್ಲಿ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಒಂದಿದೆ, ಟ್ಯಾಬ್ ಒಂದಿದೆ. ಇಂಗ್ಲಿಷ್ ಓದುತ್ತಾರೆ, ಆದರೆ ಪುಟಗಟ್ಟಲೆ ಇದ್ದರೆ ಬೇಜಾರಾಗ್ತಾರೆ. ರಕ್ತ, ಹೆಣ ಇರೋದು ಬೇಡ. ಯಾವುದರಿಂದ ಶುರು ಮಾಡಿಸಲಿ?

ಶಿವಮೊಗ್ಗದಿಂದ ಉತ್ತರ

ನಿಮ್ಮ ಪ್ರಶ್ನೆ ನೋಡಿ ಕೆಲಸ ಬದಿಗಿಟ್ಟು ಬರೀತಾ ಇದ್ದೀನಿ. ಹದಿನೈದು ವರ್ಷದಿಂದ ಈ ಆಟಗಳನ್ನು ಆಡ್ತಾ ಬಂದವಳು ನಾನು. ಎಲ್ಲರೂ ಕಥೆ ನೋಡಿ ಗೇಮ್ ಆರಿಸ್ತಾರೆ. ನಿಮ್ಮ ಅಮ್ಮನ ವಿಷಯದಲ್ಲಿ ಕಥೆಗಿಂತ ಮೊದಲು, ಹುಡುಕಬೇಕಾದ ವಸ್ತುಗಳ ಪಟ್ಟಿ ಹೇಗಿದೆ ಅಂತ ನೋಡಿ. ಹೆಸರು ಬರೆದಿರ್ತಾರಾ, ಚಿತ್ರ ತೋರಿಸ್ತಾರಾ? ಅವರು ಎರಡನೇ ದಿನವೂ ಆಡ್ತಾರಾ ಇಲ್ವಾ ಅನ್ನೋದು ಬಹಳ ಮಟ್ಟಿಗೆ ಇದರ ಮೇಲೆ ನಿಂತಿದೆ.

ಯಾಕೆ ಅಂದ್ರೆ, ನಾನು ಓದಿದ್ದು ಕನ್ನಡ ಮೀಡಿಯಂ. ಮೊದಮೊದಲು ಪಟ್ಟಿಯಲ್ಲಿ ‘ಬೋ’ ಅಂತ ಬಂದರೆ ಬಿಲ್ಲು ಹುಡುಕ್ತಾ ಕೂರ್ತಿದ್ದೆ. ಬಿಲ್ಲು ಎಲ್ಲೂ ಇರ್ತಿರಲಿಲ್ಲ. ಆಮೇಲೆ ನೋಡಿದರೆ ಅದು ಗೊಂಬೆಯ ಜಡೆಗೆ ಕಟ್ಟಿದ ರಿಬ್ಬನ್ ಗಂಟು. ಇನ್ನೊಂದು ಸಲ ಅದೇ ‘ಬೋ’ ಪಿಟೀಲಿನ ಕಮಾನು. ‘ಬ್ಯಾಟ್’ ಅಂದರೆ ನಮ್ಮ ಕಣ್ಣು ಚಪ್ಪಟೆ ಕ್ರಿಕೆಟ್ ಬ್ಯಾಟನ್ನು ಹುಡುಕುತ್ತೆ. ಅವರು ಬಚ್ಚಿಟ್ಟಿರೋದು ಬೇಸ್‌ಬಾಲಿನ ದುಂಡನೆ ದೊಣ್ಣೆ, ಅಥವಾ ತೊಲೆಗೆ ಜೋತುಬಿದ್ದ ಬಾವಲಿ. ‘ಥಿಂಬಲ್’ ಅಂದರೆ ಹೊಲಿಯುವಾಗ ಬೆರಳ ತುದಿಗೆ ಹಾಕೋ ಟೋಪಿ ಅಂತ ನನಗೆ ಗೊತ್ತಾಗಿದ್ದೇ ಈ ಆಟಗಳಿಂದ. ಗೊತ್ತಾಗೋ ಹೊತ್ತಿಗೆ ಎಷ್ಟು ತಪ್ಪು ಕ್ಲಿಕ್ ಮಾಡಿದ್ದೆನೋ! ನಿಮ್ಮ ಅಮ್ಮನ ಕಣ್ಣು ಚುರುಕಾಗಿದೆ, ಇಂಗ್ಲಿಷ್ ಪದ ಗೊತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಅವರು ಸೋಲಬಾರದು.

ಅದಕ್ಕೇ ನನ್ನ ಮೊದಲ ಆಯ್ಕೆ ‘ಡಾರ್ಕ್ ಪ್ಯಾರಬಲ್ಸ್’ ಸರಣಿ. 2010ರ ‘ಕರ್ಸ್ ಆಫ್ ಬ್ರಯರ್ ರೋಸ್’ ಅದರ ಮೊದಲ ಆಟ, ಮಾಡಿದ್ದು ಬ್ಲೂ ಟೀ ಗೇಮ್ಸ್. ಇದರಲ್ಲಿ ಒಂದು ವಸ್ತುವನ್ನು ಚೂರು ಮಾಡಿ ಇಡೀ ದೃಶ್ಯದಲ್ಲಿ ಹರಡಿರ್ತಾರೆ. ಕೆಳಗಡೆ ಆ ಚೂರುಗಳ ಆಕಾರ ಕಾಣ್ತಿರುತ್ತೆ. ಒಂದು ಚೂರು ಪರದೆಯ ಮಡಿಕೆಯಲ್ಲಿ, ಇನ್ನೊಂದು ಕಂಬದ ಕೆತ್ತನೆಗೆ ಅಂಟಿಕೊಂಡು, ಮತ್ತೊಂದು ಬಳ್ಳಿಯ ಮುಳ್ಳಿನ ನಡುವೆ. ಒಂದೊಂದೇ ಹೆಕ್ಕುತ್ತಾ ಹೋದ ಹಾಗೆ ಕೆಳಗೆ ವಸ್ತು ತುಂಬಿಕೊಳ್ಳುತ್ತೆ, ಕೊನೇ ಚೂರು ಕೂತ ತಕ್ಷಣ ಅದು ಇಡಿಯಾಗಿ ನಿಮ್ಮ ಕೈಗೆ. ಮುಚ್ಚಿದ ಬಾಗಿಲಿಗೋ ಪೆಟ್ಟಿಗೆಗೋ ಬೇಕಾಗಿರೋದು ಅದೇ. ಹುಡುಕಿದ್ದಕ್ಕೂ ಮುಂದೆ ಹೋಗೋದಕ್ಕೂ ಸಂಬಂಧ ಇರೋದು ನನಗೆ ಬಹಳ ಹಿಡಿಸುತ್ತೆ. ಕಥೆಗಳು ನೂರು ವರ್ಷ ಮಲಗಿದ ರಾಜಕುಮಾರಿ, ಕಪ್ಪೆಯಾದ ರಾಜಕುಮಾರ, ಹಿಮರಾಣಿ ಇಂಥವು. ಮಕ್ಕಳಿಗೆ ಕಥೆ ಹೇಳಿದ ಟೀಚರ್‌ಗೆ ಇವು ಹೊಸದಲ್ಲ, ಮಾತು ಅರ್ಧ ಬಿಟ್ಟುಹೋದರೂ ಎಳೆ ಸಿಗುತ್ತೆ.

ಟ್ಯಾಬ್‌ಗೆ ‘ಹಿಡನ್ ಫೋಕ್ಸ್’ ಹಾಕಿಕೊಡಿ. 2017ರದ್ದು. ಕೈಯಲ್ಲಿ ಗೆರೆ ಎಳೆದು ಬರೆದ ಕಪ್ಪು-ಬಿಳುಪು ಚಿತ್ರ, ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿದ್ದಾರೆ. ಹುಡುಕಬೇಕಾದ್ದನ್ನು ಹೆಸರಿನ ಬದಲು ಚಿತ್ರವಾಗಿಯೇ ತೋರಿಸ್ತಾರೆ. ಟೈಮರ್ ಇಲ್ಲ. ಪೊದೆ ಮುಟ್ಟಿದರೆ ಸರಿಯುತ್ತೆ, ಟೆಂಟ್ ಮುಟ್ಟಿದರೆ ತೆರೆಯುತ್ತೆ. ಸಾಹಸದ ಕಥೆ ಇದರಲ್ಲಿಲ್ಲ, ಬರೀ ನೋಡೋ ಸುಖ. ‘ವ್ಯತ್ಯಾಸ ಗುರುತಿಸಿ’ ಬಿಡದವರಿಗೆ ಇದು ಹಿಡಿಸದೇ ಇರಲ್ಲ.

ಇನ್ನು ನನ್ನ ಪ್ರಾಣವಾದ ಸರಣಿಯನ್ನು ನಿಮ್ಮ ಅಮ್ಮನಿಗೆ ಈಗಲೇ ಕೊಡಬೇಡಿ ಅಂತ ನಾನೇ ಹೇಳಬೇಕು. ‘ಮಿಸ್ಟರಿ ಕೇಸ್ ಫೈಲ್ಸ್’. 2005ರಲ್ಲಿ ಬಿಗ್ ಫಿಶ್ ಅನ್ನೋ ಗೇಮ್ ಕಂಪನಿಯವರು ತಂದ ‘ಹಂಟ್ಸ್‌ವಿಲ್’ನಲ್ಲಿ ಪಟ್ಟಿ ಹಿಡಿದು ಹುಡುಕೋದು, ತಲೆ ಮೇಲೆ ಗಡಿಯಾರ ಓಡೋದು. 2008ರ ‘ರಿಟರ್ನ್ ಟು ರೇವನ್‌ಹರ್ಸ್ಟ್’ ಹೊತ್ತಿಗೆ ಆಟದ ಚಹರೆಯೇ ಬದಲಾಗಿತ್ತು. ಬಂಗಲೆಯೊಳಗೆ ನೀವೇ ಓಡಾಡ್ತೀರಿ, ಸಿಕ್ಕಿದ್ದನ್ನು ಜೊತೆಗಿಟ್ಟುಕೊಂಡು ಇನ್ನೆಲ್ಲೋ ಬಳಸ್ತೀರಿ. ಇವತ್ತು ಹಿಡನ್ ಆಬ್ಜೆಕ್ಟ್ ಅಡ್ವೆಂಚರ್ ಅಂತ ಮಾರೋದೆಲ್ಲ ಹೆಚ್ಚುಕಡಿಮೆ ಆ ದಾರಿಯಲ್ಲೇ ನಡೆದಿದೆ. ಅದಕ್ಕೂ ಮೊದಲಿನ, 2006ರ ‘ರೇವನ್‌ಹರ್ಸ್ಟ್’ನಲ್ಲಿ, ಮದುವೆಗೆ ಒಲ್ಲೆ ಅಂದಿದ್ದಕ್ಕೆ ಆ ಮನೆಯಲ್ಲೇ ಜೀವ ಕಳ್ಕೊಂಡ ಎಮ್ಮಾ ಅನ್ನೋ ಹೆಣ್ಣಿನ ಡೈರಿ ಓದುವಾಗ ನನಗೆ ಗಂಟಲು ಕಟ್ಟಿತ್ತು. ಆದರೆ ದೆವ್ವದ ಮನೆ ದೆವ್ವದ ಮನೆಯೇ. ಅದರಲ್ಲೂ 2011ರ ‘ಎಸ್ಕೇಪ್ ಫ್ರಮ್ ರೇವನ್‌ಹರ್ಸ್ಟ್’ ಖಂಡಿತ ಬೇಡ, ಅದು ಮನಸ್ಸು ಕದಡುತ್ತೆ.

ಅಮ್ಮ ಒಂದೆರಡು ಆಟ ಮುಗಿಸಿದ ಮೇಲೆ ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿಯವರ ‘ಗ್ರಿಮ್ ಲೆಜೆಂಡ್ಸ್: ದಿ ಫರ್ಸೇಕನ್ ಬ್ರೈಡ್’ ಕೊಡಿ. ಅದರಲ್ಲಿ ಜೊತೆಗೊಂದು ಬೆಕ್ಕಿನ ಮರಿ ಇರುತ್ತೆ. ನಮ್ಮ ಕೈಗೆ ಎಟುಕದ ಕಡೆ ಅದನ್ನು ಕಳಿಸಬೇಕು. ಅವರದೇ ‘ಎನಿಗ್ಮ್ಯಾಟಿಸ್’ನಲ್ಲಿ ಸಿಕ್ಕ ಸುಳಿವನ್ನೆಲ್ಲ ಬೋರ್ಡಿಗೆ ಹಚ್ಚಿ ಒಂದಕ್ಕೊಂದು ಹೊಂದಿಸೋದಿದೆ. ನನಗೆ ಪ್ರಿಯ, ಆದರೆ ಓದೋದು ಜಾಸ್ತಿ.

ಈ ಆಟಗಳ ಬಗ್ಗೆ ನನಗೆ ನಿಜವಾದ ಸಿಟ್ಟು ಒಂದಿದೆ. ಕೈಯಲ್ಲಿ ಸುತ್ತಿಗೆ ಇರುತ್ತೆ, ಎದುರಿಗೆ ಗಾಜಿನ ಕಪಾಟು. ಒಡೆಯೋಕೆ ಬಿಡಲ್ಲ. ಆ ಕಪಾಟಿಗೆ ಗುಲಾಬಿ ಆಕಾರದ ಪದಕವೇ ಬೇಕಂತೆ, ಅದು ತೋಟದ ಬಾವಿಯಲ್ಲಿದೆಯಂತೆ! ಒಂದು ಸಲ ಬಳಸಿದ ಚಾಕು ಮಾಯವಾಗುತ್ತೆ, ಎರಡು ಕೋಣೆ ದಾಟಿದರೆ ಹಗ್ಗ ಕತ್ತರಿಸೋಕೆ ಇನ್ನೊಂದು ಚಾಕು ಹುಡುಕಬೇಕು. ಹುಡುಕಾಟಕ್ಕೆ ಕಾರಣ ಇರಬೇಕು. ಇದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ತಪ್ಪು ತಮ್ಮದೇ ಅಂದ್ಕೋತಾರೆ.

ಶುರುವಿನಲ್ಲಿ ಕೇಳಿದಾಗ ‘ಕ್ಯಾಶುವಲ್’ ಮೋಡ್ ಒತ್ತಿಕೊಡಿ. ಹುಡುಕೋ ಜಾಗ ಮಿನುಗುತ್ತೆ, ಸುಳಿವು ಕೊಡೋ ಹಿಂಟ್ ಬಟನ್ ಬೇಗ ತುಂಬಿ ಮತ್ತೆ ಒತ್ತೋಕೆ ಸಿಗುತ್ತೆ. ಬಿಗ್ ಫಿಶ್‌ನಲ್ಲಿ ಲ್ಯಾಪ್‌ಟಾಪಿಗೆ ಒಂದು ಗಂಟೆ ಫ್ರೀ ಟ್ರಯಲ್ ಇದೆ, ಅದು ಮುಗಿಯೋವರೆಗೂ ದುಡ್ಡು ಕೊಡಬೇಡಿ. ಕಲೆಕ್ಟರ್ಸ್ ಎಡಿಷನ್‌ನಲ್ಲಿ ಹೆಚ್ಚಿಗೆ ಸಿಗೋದು ಬೋನಸ್ ಅಧ್ಯಾಯ, ಗೈಡ್, ವಾಲ್‌ಪೇಪರ್ ಇಂಥವು. ಮೊದಲ ಆಟಕ್ಕೆ ಸಾದಾ ಎಡಿಷನ್ ಧಾರಾಳ ಸಾಕು.

ಧಾರವಾಡದಿಂದ ಉತ್ತರ

ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೇ. ನಂದೂ ಒಂದು ಮಾತು. ಫೋನಿನ್ಯಾಗ ಫ್ರೀ ಅಂತ ಬರೂ ಗೇಮ್ ವಿಚಾರದಾಗ ಹುಷಾರ್ ಇರ್ರಿ. ನಮ್ಮ ಅವ್ವಗ ಅಂಥಾದ್ದೊಂದು ಹಾಕಿಕೊಟ್ಟಿದ್ದೆ. ಎರಡು ವಾರ ಭಾಳ ಖುಷಿಲೆ ಆಡಿದಳು. ಆಮ್ಯಾಲೆ ಪ್ರತಿ ಹತ್ತು ನಿಮಿಷಕ್ಕ ಎನರ್ಜಿ (ಆಡಾಕ ಬೇಕಾಗೂ ಪಾಯಿಂಟ್) ಮುಗೀತು, ಕಾಯಿ ಇಲ್ಲಾ ರೊಕ್ಕ ಕೊಡು ಅನ್ನಾಕ ಹತ್ತಿತು. ನನ್ನ ಕಾರ್ಡ್ ಆ ಫೋನಿಗೆ ಜೋಡಿಸಿದ್ದು ನನಗ ನೆನಪೇ ಇರಲಿಲ್ಲ. ತಿಂಗಳ ಕೊನಿಗೆ ನೋಡಿದ್ರ 1,340 ರೂಪಾಯಿ ಹೋಗಿತ್ತು. ಅವ್ವ ಅದನ್ನ ಕೇಳಿ ಫೋನ್ ಮುಟ್ಟೂದ ಬಿಟ್ಟಳು, ಅದು ನನಗ ರೊಕ್ಕಕ್ಕಿಂತ ಹೆಚ್ಚು ಬ್ಯಾಸರ ಆತು. ಖರೀದಿಗೆ ಪಾಸ್‌ವರ್ಡ್ ಹಾಕಿ ಕೊಡ್ರಿ.

‘ಜೂನ್ಸ್ ಜರ್ನಿ’ ಅನ್ನೂ ಫ್ರೀ ಗೇಮಿನ ಚಿತ್ರ ಛಲೋ ಅದಾವ, 1920ರ ದಶಕದ ಕಥಿ. ಆದ್ರ ಅದರಾಗೂ ಎನರ್ಜಿ ಐತಿ, ಸ್ಟಾರ್ ಸಲುವಾಗಿ ಅದೇ ಕೋಣಿ ತಿರಗಾ ಮುರಗಾ ಹುಡುಕಬೇಕು. ಒಮ್ಮೆ ರೊಕ್ಕ ಕೊಟ್ಟು ಪೂರ್ತಿ ಆಡೂವಂಥಾದ್ದು ತಗೋರಿ.

ಪುಣೆಯಿಂದ ಉತ್ತರ

ಫೋನಿಗಿಂತ ಟ್ಯಾಬ್, ಟ್ಯಾಬಿಗಿಂತ ಲ್ಯಾಪ್‌ಟಾಪ್. ಮೌಸ್ ಪಾಯಿಂಟರ್ ದೊಡ್ಡದು ಮಾಡಿ, ಬ್ರೈಟ್‌ನೆಸ್ ಏರಿಸಿ. ಈ ಆಟಗಳ ಕೋಣೆಗಳು ಬಹಳ ಕತ್ತಲು, ನಮ್ಮ ಮಾವನವರಿಗೆ ಕಣ್ಣಿನ ಪೊರೆ ತೆಗೆಸೋವರೆಗೆ ಕಂದು ಮೇಲೆ ಕಂದು ಕಾಣ್ತಾನೇ ಇರಲಿಲ್ಲ. ಮ್ಯಾಕ್ ಇರುವವರು ಯಾರಾದರೂ ಓದ್ತಿದ್ದರೆ: ಮ್ಯಾಕ್‌ನ 2019ರ ಆವೃತ್ತಿ ಕ್ಯಾಟಲೀನಾದಿಂದ ಈಚೆಗೆ ಹಳೆಯ 32-ಬಿಟ್ ಆಟಗಳು (ಹಳೇ ತರಹದ ಸಿಸ್ಟಮ್‌ಗೆ ಮಾಡಿದವು) ಓಡಲ್ಲ, ಕೊಳ್ಳೋ ಮುಂಚೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ರಯರ್ ರೋಸ್ ಟ್ರಯಲ್ ಹಾಕಿಕೊಟ್ಟೆ, ಗಂಟೆ ಮುಗಿದಾಗ ಅಮ್ಮನೇ ‘ದುಡ್ಡು ಕಟ್ಟೇ’ ಅಂದರು. ಚೂರು ಹುಡುಕೋದರಲ್ಲಿ ನನಗಿಂತ ಚುರುಕು. ನಾನು ಕಪಾಟಿನೊಳಗೆಲ್ಲ ನೋಡ್ತಿರ್ತೀನಿ, ಅವರು ಚೌಕಟ್ಟಿನ ಹೂವಿನ ಕೆತ್ತನೆ ಎಡಬಲ ಒಂದೇ ತರಹ ಇದೆಯಾ ಅಂತ ನೋಡ್ತಾರೆ. ಒಂದು ಎಸಳು ಜಾಸ್ತಿ ಇದ್ದರೆ ಅದೇ ಚೂರು. ಒಂದೇ ಪಜಲ್ ಸ್ಕಿಪ್ ಮಾಡಿದ್ದು. ಮಧ್ಯಾಹ್ನ ಫಿಸಿಯೋಥೆರಪಿ ಮುಗಿಸಿ, ಕಾಲಿಗೆ ಐಸ್ ಪ್ಯಾಕ್ ಇಟ್ಟುಕೊಂಡು ಕೂರೋ ಇಪ್ಪತ್ತು ನಿಮಿಷ ಈಗ ಅವರಿಗೆ ಸಾಲೋದಿಲ್ಲ. ಬೆಕ್ಕಿನ ಮರಿ ಇರೋದು ಯಾವಾಗ ಅಂತ ಕೇಳಿ ಇಟ್ಟಿದ್ದಾರೆ.