ಹಳೇ ಕ್ವಾಲಿಸ್: ಏರ್ ತೆಗೆದರೂ ಕ್ಲಚ್ ಪೆಡಲ್ ಮೆತ್ತಗೆ

ಪ್ರಶ್ನೆ: ಖಾನಾಪುರದಿಂದ
ನಮಸ್ಕಾರ್ರೀ. ನಮ್ಮದು 2003ರ ಡೀಸೆಲ್ ಕ್ವಾಲಿಸ್. ಅಪ್ಪ ತಗೊಂಡ ಗಾಡಿ, ಮಾರುವ ಮನಸ್ಸಿಲ್ಲ. ಕ್ಲಚ್ ಲೋವರ್ ಸಿಲಿಂಡರ್ (ಗೇರ್‌ಬಾಕ್ಸ್ ಹತ್ತಿರ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವುದು) ಸೋರುತ್ತಿತ್ತು, ಹೊಸದು ಹಾಕಿಸಿದೆ. ಆಮೇಲಿಂದ ಪೆಡಲ್ ಮೆತ್ತಗಿದೆ. ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಎರಡು ಮೂರು ಸಲ ಪೆಡಲ್ ಪಂಪ್ ಮಾಡಿದರೆ ಗೇರ್ ಸುಮ್ನೆ ಬೀಳುತ್ತದೆ. ಚೋರ್ಲಾ ಘಾಟಿನಲ್ಲಿ ಲಾರಿ ಹಿಂದೆ ನಿಂತು ನಿಂತು ಹೋಗುವಾಗ ಜೀವ ಬಾಯಿಗೆ ಬರುತ್ತದೆ. ಆಯಿಲ್ ಪೈಪಿನೊಳಗೆ ಸಿಕ್ಕ ಏರ್ ಪೂರ್ತಿ ತೆಗೆದಿದ್ದೇವೆ ಅಂತಾರೆ ಗ್ಯಾರೇಜಿನವರು. ಮನೆಯಲ್ಲೇ ಇನ್ನೊಮ್ಮೆ ತೆಗೆಯಬಹುದಾ? ಅಪ್ಪರ್ (ಪೆಡಲ್ ಹತ್ತಿರದ ಮೇಲಿನ ಸಿಲಿಂಡರ್) ಕೂಡ ಹೋಗಿರಬಹುದಾ?

ಉತ್ತರ: ಗೋಕಾಕದಿಂದ
ಸಾಮಾನು ತರುವ ಮೊದಲು ಒಂದು ಪರೀಕ್ಷೆ ಮಾಡಿರಿ. ಪಂಪ್ ಮಾಡಿ ಪೆಡಲ್ ಗಟ್ಟಿಯಾದ ಮೇಲೆ ಕಾಲು ತೆಗೆಯಬೇಡಿ, ಒತ್ತಿ ಹಿಡಿದುಕೊಂಡೇ ಕೂಡಿರಿ. ಗಟ್ಟಿಯಾಗೇ ನಿಂತರೆ ಒಳಗೆ ಏರ್ ಇದೆ. ಕಾಲಿನ ಕೆಳಗೆ ನಿಧಾನಕ್ಕೆ ಇಳಿಯುತ್ತಾ ಹೋದರೆ ಆಯಿಲ್ ಎಲ್ಲೋ ಜಾರುತ್ತಿದೆ ಅಂತ ಅರ್ಥ. ಹೊರಗೆ ಎಲ್ಲೂ ಹಸಿ ಇಲ್ಲ ಅಂದರೆ ಅಪ್ಪರ್ ಒಳಗಿನ ರಬ್ಬರ್ ಸವೆದಿರುತ್ತದೆ. ಆಗ ಎಷ್ಟು ಏರ್ ತೆಗೆದರೂ ಉಪಯೋಗವಿಲ್ಲ. ಪೆಡಲ್ ಮೇಲ್ಗಡೆ, ರಾಡ್ ಅಪ್ಪರ್ ಒಳಗೆ ಹೋಗುವ ಜಾಗಕ್ಕೆ ಬೆರಳು ಹಾಕಿ ಹಸಿ ಇದೆಯಾ ನೋಡಿರಿ.

ಏರ್ ತೆಗೆಯುವಾಗ ಜಾಸ್ತಿ ಜನ ಗಡಿಬಿಡಿ ಮಾಡುವುದು ಒಂದೇ ಕಡೆ. ನಿಪ್ಪಲ್ (ಲೋವರ್ ಸಿಲಿಂಡರ್‌ನಲ್ಲಿ ಏರ್ ಹೊರಗೆ ಬಿಡುವ ಸ್ಕ್ರೂ) ಬಿಗಿ ಮಾಡುವ ಮೊದಲೇ ಮೇಲೆ ಪೆಡಲ್ ಒತ್ತಿದವರು ಕಾಲು ಎತ್ತುತ್ತಾರೆ. ಹೊರಗೆ ಹೋದ ಏರ್ ಅಲ್ಲಿಂದಲೇ ವಾಪಸ್ ಒಳಗೆ ಬರುತ್ತದೆ. ಕೆಳಗಿದ್ದವರು "ಬಿಡು" ಅನ್ನುವವರೆಗೂ ಕಾಲು ಅಲ್ಲಾಡಬಾರದು. ಕ್ಲಚ್ ಆಯಿಲ್ ಡಬ್ಬಿ ಸಣ್ಣದು, ಬೇಗ ಖಾಲಿಯಾಗುತ್ತದೆ. ನಡುನಡುವೆ ತುಂಬುತ್ತಿರಿ.

ಉತ್ತರ: ಜಮಖಂಡಿಯಿಂದ
ನಾನು ಕೆಳಗಿಂದ ಮೇಲಕ್ಕೆ ತಳ್ಳುತ್ತೇನೆ. ದೊಡ್ಡ ಸಿರಿಂಜಿಗೆ ಪೈಪ್ ಹಾಕಿ, ಗುಳ್ಳೆ ಇಲ್ಲದಂತೆ ಆಯಿಲ್ ತುಂಬಿ, ಲೋವರ್ ನಿಪ್ಪಲ್‌ಗೆ ಸಿಕ್ಕಿಸಿ ಮೆಲ್ಲಗೆ ಒತ್ತಬೇಕು. ಏರ್ ತಾನಾಗೇ ಮೇಲಕ್ಕೆ ಹೋಗುವಂಥದ್ದು, ಅದರ ದಾರಿಯಲ್ಲೇ ಕಳಿಸಿದರೆ ಕೆಲಸ ಸುಲಭ ಅಲ್ವಾ? ಡಬ್ಬಿಯಿಂದ ಮೊದಲು ಸ್ವಲ್ಪ ಆಯಿಲ್ ತೆಗೆಯಿರಿ. ಉಕ್ಕಿ ಚೆಲ್ಲಿದರೆ ಬಣ್ಣ ತಿಂದುಬಿಡುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಮಾತ್ರ ಹಾಕಬೇಕು. ನಮ್ಮ ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರ್ ಹೈಡ್ರಾಲಿಕ್ ಆಯಿಲ್ ಮನೆಯಲ್ಲೇ ಇರುತ್ತದೆ, ದಯವಿಟ್ಟು ಅದನ್ನು ಸುರಿಯಬೇಡಿ. ರಬ್ಬರ್ ಉಬ್ಬಿ ಎರಡೂ ಸಿಲಿಂಡರ್ ಹಾಳಾಗುತ್ತವೆ. ತೆರೆದು ಬಹಳ ದಿನ ಇಟ್ಟ ಬ್ರೇಕ್ ಆಯಿಲ್ ಕೂಡ ಬೇಡ. ನಿಮ್ಮ ಕಡೆ ಮಳೆ ಜಾಸ್ತಿ, ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ.

ಖಾನಾಪುರದಿಂದ
ಗೋಕಾಕದ ಅಣ್ಣಾರ, ನೀವು ಹೇಳಿದಂಗೆ ಒತ್ತಿ ಹಿಡಿದೆ. ಪೆಡಲ್ ಇಳಿಯುತ್ತಾ ಹೋಯಿತು. ಕೆಳಗೆಲ್ಲ ಒಣಗಿದೆ. ಅಪ್ಪರ್ ತರುತ್ತೇನೆ. ಹಾಕುವಾಗ ಏನು ನೋಡಬೇಕು?

ಗೋಕಾಕದಿಂದ
ರಾಡ್ ಪಿಸ್ಟನ್‌ಗೆ ಒತ್ತಿಕೊಂಡು ಕೂಡಬಾರದು. ಪೆಡಲ್ ಕೈಯಿಂದ ಮುಟ್ಟಿದರೆ ಮೊದಲು ಸ್ವಲ್ಪ ಸಡಿಲ ಸಿಗಬೇಕು. ಇಲ್ಲಾಂದ್ರೆ ಆಯಿಲ್ ಡಬ್ಬಿಗೆ ವಾಪಸ್ ಬರುವ ತೂತು ಮುಚ್ಚಿಯೇ ಇರುತ್ತದೆ, ಕ್ಲಚ್ ಪೂರ್ತಿ ಹಿಡಿಯದೆ ಪ್ಲೇಟ್ ಸುಡುತ್ತದೆ. ಅಪ್ಪರ್ ಹಾಕಿದ ಮೇಲೆ ಜಮಖಂಡಿಯವರ ಸಿರಿಂಜ್ ಪದ್ಧತಿಯಲ್ಲೇ ಏರ್ ತೆಗೆಯಿರಿ, ಒಬ್ಬರೇ ಮಾಡಬಹುದು. ಗಾಡಿ ಕೆಳಗೆ ಹೋಗುವ ಮೊದಲು ಚಕ್ರಕ್ಕೆ ಕಲ್ಲು ಇಡಿರಿ. ಜ್ಯಾಕ್ ಒಂದನ್ನೇ ನಂಬಬೇಡಿ.