ಅಪ್‌ಡೇಟ್: 22 ಕಂಪ್ಯೂಟರ್‌ಗಳಿಗೂ ಸ್ಕ್ರಿಪ್ಟ್‌ನಿಂದಲೇ ಪ್ರಿಂಟರ್ ಸೇರಿತು

ಕಚೇರಿಯ 22 ವಿಂಡೋಸ್ ಕಂಪ್ಯೂಟರ್‌ಗಳಿಗೆ ಪವರ್‌ಶೆಲ್ (ವಿಂಡೋಸ್‌ನ ಆಜ್ಞಾ ಸಾಧನ) ಸ್ಕ್ರಿಪ್ಟ್‌ನಿಂದ ನೆಟ್‌ವರ್ಕ್ ಪ್ರಿಂಟರ್ ಜೋಡಿಸಲು ಹೋದರೆ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಹಂತದಲ್ಲೇ ನಿಂತುಬಿಡುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಈಗ ಎಲ್ಲವೂ ಸರಿಹೋಗಿದೆ.

ಕೈಹಿಡಿದದ್ದು, ವಿಂಡೋಸ್‌ನದೇ ಸಾಧನವಾದ ಪಿಎನ್‌ಪಿಯುಟಿಲ್‌ನಿಂದ ಮೊದಲು ಡ್ರೈವರನ್ನು ಡ್ರೈವರ್ ಸ್ಟೋರ್‌ಗೆ (ವಿಂಡೋಸ್ ಡ್ರೈವರ್‌ಗಳನ್ನು ಇಟ್ಟುಕೊಳ್ಳುವ ಜಾಗ) ಸೇರಿಸಿ ಎಂಬ ಸಲಹೆ. ನಾನು ಅದನ್ನು ಬಿಟ್ಟು ನೇರವಾಗಿ ಡ್ರೈವರ್ ಅಳವಡಿಸುವ ಆಡ್-ಪ್ರಿಂಟರ್‌ಡ್ರೈವರ್ ಆಜ್ಞೆ ಕೊಡುತ್ತಿದ್ದೆ. ಸೇರಿಸಿದ ಮೇಲೂ ಒಮ್ಮೆ ಕೆಂಪು ಅಕ್ಷರದ ದೋಷ ಬಂತು. ಡ್ರೈವರ್ ಹೆಸರು ಅದರ ಜೊತೆಗೆ ಬರುವ ಐಎನ್‌ಎಫ್ (ವಿವರಗಳ) ಕಡತದಲ್ಲಿರುವಂತೆಯೇ ಇರಬೇಕು. ನಾನು ಬರೆದದ್ದರಲ್ಲಿ ಎರಡು ಪದಗಳ ನಡುವೆ ಇರಬೇಕಾದ ಒಂದು ಖಾಲಿ ಜಾಗ ತಪ್ಪಿಹೋಗಿತ್ತು. ಅದನ್ನು ಹುಡುಕುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು.

ಬಳಕೆದಾರರು ಲಾಗಿನ್ ಆದಾಗ ಅವರ ಅಧಿಕಾರದಲ್ಲೇ ನಡೆಯುವ ಲಾಗಿನ್ ಸ್ಕ್ರಿಪ್ಟ್ ಮಾತ್ರ ಫಲಿಸಲಿಲ್ಲ. ವಿಂಡೋಸ್ ಮುದ್ರಣ ವ್ಯವಸ್ಥೆಯ ಪ್ರಿಂಟ್‌ನೈಟ್‌ಮೇರ್ ಭದ್ರತಾ ದೋಷದ ಬಳಿಕ, 2021ರ ಆಗಸ್ಟ್ ಅಪ್‌ಡೇಟ್‌ನಿಂದ, ಡ್ರೈವರ್ ಅಳವಡಿಸಲು ಅಡ್ಮಿನ್ ಅಧಿಕಾರ ಬೇಕೇ ಬೇಕು. ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ಕೋಶ) ಆ ತಡೆಯನ್ನು ತೆಗೆಯಬಹುದು ಎಂದವರಿಗೂ ಧನ್ಯವಾದ, ಆದರೆ ಆ ಬಾಗಿಲು ತೆರೆದಿಡಲು ನನಗೆ ಮನಸ್ಸಾಗಲಿಲ್ಲ. ಬದಲಿಗೆ ಕಂಪ್ಯೂಟರ್ ಶುರುವಾಗುವಾಗ ನಡೆಯುವ ಸ್ಟಾರ್ಟಪ್ ಸ್ಕ್ರಿಪ್ಟ್ ಮಾಡಿದೆ. ಅದು ಸಿಸ್ಟಮ್ ಖಾತೆಯಲ್ಲಿ ನಡೆಯುತ್ತದೆ, ಆ ಖಾತೆಗೆ ಅಡ್ಮಿನ್ ಅಧಿಕಾರ ಇದ್ದೇ ಇರುತ್ತದೆ.

ನನಗೆ ಗೊತ್ತಿಲ್ಲದಿದ್ದ ಸಂಗತಿ: ಟಿಸಿಪಿ/ಐಪಿ ಪೋರ್ಟ್ (ಪ್ರಿಂಟರ್‌ನ ನೆಟ್‌ವರ್ಕ್ ವಿಳಾಸಕ್ಕೆ ನೇರ ಸಂಪರ್ಕ) ಮೂಲಕ ಹೀಗೆ ಸೇರಿಸಿದ ಪ್ರಿಂಟರ್ ಆ ಯಂತ್ರದ ಎಲ್ಲ ಬಳಕೆದಾರರಿಗೂ ಕಾಣುತ್ತದೆ. ಕಾಗದದ ಅಳತೆ ಲೆಟರ್ ಎಂದಿತ್ತು. ಸೆಟ್-ಪ್ರಿಂಟ್‌ಕಾನ್ಫಿಗರೇಶನ್ ಆಜ್ಞೆಯ ಒಂದೇ ಸಾಲಿನಿಂದ ಎ4 ಆಯಿತು.